ಶುಗರ್ ಇದ್ದೋರಿಗೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 104 ನಾರ್ಮಲ್ಲಾ? ಹಾಸನದಿಂದ ಒಂದು ರಿಪೋರ್ಟ್

ಸಾಲಗಾಮೆ ರೋಡ್ (ಹಾಸನ):

ನಮ್ಮ ಮಾವನವರಿಗೆ 57 ವರ್ಷ. ಎಂಟ್ಹತ್ತು ವರ್ಷದಿಂದ ಶುಗರ್ ಇದೆ, ಬಿಪಿ ಮಾತ್ರೆನೂ ನಡೀತಿದೆ. ಬೀಡಿ, ಸಿಗರೇಟು, ಕುಡಿತ ಯಾವುದೂ ಇಲ್ಲ. ಎದೆನೋವು ಅಂತ ಇವತ್ತಿನವರೆಗೂ ಅಂದಿದ್ದಿಲ್ಲ. ಹೋದ ವಾರ ಮಾಡಿಸಿದ ರಿಪೋರ್ಟ್ ಇದು:

ಟೋಟಲ್ ಕೊಲೆಸ್ಟ್ರಾಲ್ 186
ಟ್ರೈಗ್ಲಿಸರೈಡ್ 240
ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) 34
ವಿಎಲ್‌ಡಿಎಲ್ 48
ಎಲ್‌ಡಿಎಲ್ 104
ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 7.9

ಟೋಟಲ್ 200ರ ಒಳಗೆ, ಎಲ್‌ಡಿಎಲ್ 130ರ ಒಳಗೆ ಇದ್ದರೆ ಸರಿ ಅಂತ ಲ್ಯಾಬಿನವರು ಪಕ್ಕದಲ್ಲೇ ಪ್ರಿಂಟ್ ಹಾಕಿದಾರೆ. ಅವೆರಡಕ್ಕೂ ನಕ್ಷತ್ರ ಬಿದ್ದಿಲ್ಲ. ಆದ್ರೂ ಡಾಕ್ಟ್ರು ಕೊಲೆಸ್ಟ್ರಾಲ್ ಇಳಿಸೋ ಅಟೊರ್ವಾಸ್ಟಾಟಿನ್ 20 ಬರೆದ್ರು. ಯಾಕೆ ಅಂತ ಕೇಳೋಣ ಅಂದ್ರೆ ಹಿಂದೆ ಜನ ನಿಂತಿದ್ರು, ‘ಶುಗರ್ ಇದೆಯಲ್ಲಮ್ಮ, ತಗೊಳ್ಳಲಿ’ ಅಂದಿದ್ದಷ್ಟೇ. ಮನೆಗೆ ಬಂದ ಮೇಲೆ ಪಂಚಾಯ್ತಿ ಶುರು. ‘ಎಲ್ಲಾ ನಾರ್ಮಲ್ ಇರೋವಾಗ ಮಾತ್ರೆ ಯಾಕೆ’ ಅಂತ ಅತ್ತೆ. ‘ಆ ಮಾತ್ರೆಯಿಂದಲೇ ಶುಗರ್ ಏರೋದು’ ಅಂತ ಚಿಕ್ಕಮಾವ ವಾಟ್ಸಾಪ್ ವಿಡಿಯೊ ಕಳಿಸಿದಾರೆ. ಸ್ಟ್ರಿಪ್ ಟಿವಿ ಸ್ಟ್ಯಾಂಡ್ ಮೇಲೆ ಕೂತಿದೆ, ಒಂದು ಮಾತ್ರೆನೂ ಒಡೆದಿಲ್ಲ. ಗೊತ್ತಿರೋರು ಹೇಳಿ.

ಗೊರೂರು ಹಿನ್ನೀರು:

186 ಅಂದ್ರೆ ಆರಾಮ್ ಬಿಡಿ ಮೇಡಂ. ನಮ್ಮ ಕಡೆ 250 ಇದ್ದೋರು ಟಿಲ್ಲರ್ ಹೊಡೀತಾ ಓಡಾಡ್ಕೊಂಡಿದಾರೆ. ಶುಗರ್ ಕಂಟ್ರೋಲಲ್ಲಿಡಿ, ಸಂಜೆ ವಾಕಿಂಗ್ ಕಳಿಸಿ. ಒಂದು ಮಾತ್ರೆ ಹಿಡಿದ್ರೆ ಅದರ ಹಿಂದೆ ಇನ್ನೊಂದು ಬರುತ್ತೆ.

ಪೈಪೆಟ್ (ಚಿಕ್ಕಮಗಳೂರು):

ನಾನು ಲ್ಯಾಬ್ ಟೆಕ್ನಿಷಿಯನ್. ನಕ್ಷತ್ರದ ವಿಷಯ ಮೊದಲು ಹೇಳಿಬಿಡ್ತೀನಿ. ಪಕ್ಕದಲ್ಲಿ ಪ್ರಿಂಟ್ ಆಗೋ ಅಂಕಿ ಊರಿನವರಿಗೆಲ್ಲ ಒಂದೇ. ಎದುರಿಗೆ ಕೂತೋರಿಗೆ ಶುಗರ್ ಇದೆಯಾ, ಬಿಪಿ ಇದೆಯಾ, ಸ್ಟೆಂಟ್ ಹಾಕಿಸ್ಕೊಂಡಿದಾರಾ ಅಂತ ಮೆಷಿನ್‌ಗೆ ಗೊತ್ತಾಗಲ್ಲ. 130 ದಾಟಿದ್ರೆ ನಕ್ಷತ್ರ ಹಾಕು ಅಂತ ಸಾಫ್ಟ್‌ವೇರಿಗೆ ಹೇಳಿರ್ತೀವಿ, ಹಾಕುತ್ತೆ.

ಎರಡನೇದು, ನಿಮ್ಮ ಮಾವನವರ ಎಲ್‌ಡಿಎಲ್ ಅಳೆದಿದ್ದಲ್ಲ, ಕಳೆದಿದ್ದು. ಟ್ರೈಗ್ಲಿಸರೈಡನ್ನ (ರಕ್ತದಲ್ಲಿರೋ ಕೊಬ್ಬು) 5ರಿಂದ ಭಾಗಿಸಿದ್ರೆ 48, ಅದೇ ವಿಎಲ್‌ಡಿಎಲ್ (ಆ ಕೊಬ್ಬು ಹೊತ್ತ ಕಣಗಳ ಕೊಲೆಸ್ಟ್ರಾಲ್). 186ರಲ್ಲಿ 34 ಮತ್ತು 48 ಕಳೀರಿ, 104. ಬಹಳ ಲ್ಯಾಬ್‌ಗಳಲ್ಲಿ ಇವತ್ತಿಗೂ ಇದೇ ಲೆಕ್ಕ. ಟ್ರೈಗ್ಲಿಸರೈಡ್ ಏರಿದಷ್ಟೂ ಈ ಲೆಕ್ಕ ಎಲ್‌ಡಿಎಲ್‌ನ ಇರೋದಕ್ಕಿಂತ ಕಡಿಮೆ ತೋರಿಸುತ್ತೆ. 400 ದಾಟಿದ್ರೆ ಲೆಕ್ಕವನ್ನೇ ನಂಬೋ ಹಾಗಿಲ್ಲ.

ಅದಕ್ಕೇ ನೀವೇ ಒಂದು ಸಣ್ಣ ಲೆಕ್ಕ ಮಾಡ್ಕೊಳ್ಳಿ. ಟೋಟಲ್‌ನಿಂದ ಎಚ್‌ಡಿಎಲ್ ಒಂದನ್ನೇ ಕಳೀರಿ: 186 – 34 = 152. ಇದಕ್ಕೆ ನಾನ್-ಎಚ್‌ಡಿಎಲ್ ಅಂತಾರೆ. ರಕ್ತನಾಳದ ಗೋಡೆಗೆ ಅಂಟೋ ಕೊಲೆಸ್ಟ್ರಾಲ್ ಎಲ್ಲಾ ಸೇರಿದ್ರೆ ಇಷ್ಟು. ಉಪವಾಸ ಬೇಕಿಲ್ಲ, ಹೆಚ್ಚಿಗೆ ದುಡ್ಡೂ ಇಲ್ಲ. ಎಷ್ಟು ಇರಬೇಕು ಅನ್ನೋದು ಡಾಕ್ಟ್ರು ಹೇಳಲಿ, ನನ್ನ ಕೆಲಸ ಅಂಕಿ ಕೊಡೋದು.

ಕೆಂಪುಹೊಳೆ (ಸಕಲೇಶಪುರ):

ಫಿಸಿಷಿಯನ್ ಆಗಿದ್ದೆ, ಈಗ ನಿವೃತ್ತ. ಪೈಪೆಟ್ ಅವರು ಅರ್ಧ ಕೆಲಸ ಮುಗಿಸಿದ್ದಾರೆ. ಶುಗರ್ ಜೊತೆ ಬಿಪಿಯೂ ಇರುವ 57ರ ವ್ಯಕ್ತಿಗೆ ಎಲ್‌ಡಿಎಲ್ 70ರ ಕೆಳಗೆ, ನಾನ್-ಎಚ್‌ಡಿಎಲ್ 100ರ ಕೆಳಗೆ ಇರಬೇಕು. ಹೃದಯಾಘಾತ ಆಗಿಹೋಗಿದ್ದರೆ ಎಲ್‌ಡಿಎಲ್ 55ರ ಕೆಳಗೆ. 2024ರಲ್ಲಿ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ನಮ್ಮ ದೇಶಕ್ಕೆಂದೇ ಹೊರಡಿಸಿದ ಮಾರ್ಗಸೂಚಿಯಲ್ಲೂ ಹೆಚ್ಚು ಅಪಾಯ ಇರುವವರಿಗೆ 70, ತೀರಾ ಹೆಚ್ಚು ಅಪಾಯದವರಿಗೆ 55 ಎಂದೇ ಇದೆ. ಹಾಗೆ ನೋಡಿದರೆ ನಿಮ್ಮ ಮಾವನವರ ರಿಪೋರ್ಟಿನಲ್ಲಿ ನಕ್ಷತ್ರ ಬೀಳದ ಸಾಲಿಗೇ ನಕ್ಷತ್ರ ಬೀಳಬೇಕಿತ್ತು.

ಟ್ರೈಗ್ಲಿಸರೈಡ್ ಮೇಲೆ, ಎಚ್‌ಡಿಎಲ್ ಕೆಳಗೆ, ಎಲ್‌ಡಿಎಲ್ ನೋಡುವುದಕ್ಕೆ ಸಾಧು. ಶುಗರ್ ಇರುವವರ ರಿಪೋರ್ಟ್ ಸಾಮಾನ್ಯವಾಗಿ ಹೀಗೇ ಬರುತ್ತದೆ. ಇನ್ಸುಲಿನ್ ಮಾತು ನಡೆಯದಿದ್ದಾಗ ಹೊಟ್ಟೆಯ ಕೊಬ್ಬು ಕರಗಿ ಫ್ಯಾಟಿ ಆಸಿಡ್ ಲಿವರ್‌ಗೆ ಹರಿದುಬರುತ್ತದೆ. ಲಿವರ್ ಅದನ್ನು ವಿಎಲ್‌ಡಿಎಲ್ ಕಣಗಳಾಗಿ ಕಟ್ಟಿ ರಕ್ತಕ್ಕೆ ಬಿಡುತ್ತದೆ. ಈ ಕಣಗಳು ತಮ್ಮ ಟ್ರೈಗ್ಲಿಸರೈಡನ್ನು ಎಲ್‌ಡಿಎಲ್‌ಗೂ ಎಚ್‌ಡಿಎಲ್‌ಗೂ ದಾಟಿಸಿ, ಅವುಗಳ ಕೊಲೆಸ್ಟ್ರಾಲ್ ತಾವು ತೆಗೆದುಕೊಳ್ಳುತ್ತವೆ. ಆಮೇಲೆ ಎಚ್‌ಡಿಎಲ್ ಬೇಗ ಸವೆದುಹೋಗುತ್ತದೆ, ಎಲ್‌ಡಿಎಲ್ ಕಣಗಳು ಸಣ್ಣಗೆ ದಟ್ಟವಾಗಿ ಉಳಿಯುತ್ತವೆ. ಸಣ್ಣ ಕಣ ರಕ್ತನಾಳದ ಗೋಡೆಯೊಳಗೆ ಸಲೀಸಾಗಿ ನುಗ್ಗುತ್ತದೆ, ರಕ್ತದಲ್ಲಿ ಹೆಚ್ಚು ಹೊತ್ತು ಸುತ್ತುತ್ತದೆ. ಸಕ್ಕರೆ ಅಂಶ ಹೆಚ್ಚಿದ್ದರೆ ಅದಕ್ಕೆ ಸಕ್ಕರೆಯೂ ಅಂಟುತ್ತದೆ.

ಶಿರಾಡಿ ಘಾಟಿ ನೋಡಿದವರಿಗೆ ಹೀಗೆ ಹೇಳಬಹುದು. ಹತ್ತು ಲಾರಿ ಸರಕನ್ನು ಅರವತ್ತು ಗೂಡ್ಸ್ ಆಟೊಗಳಿಗೆ ತುಂಬಿ ಕಳಿಸಿದರೆ ತೂಕ ಅಷ್ಟೇ, ಆದರೆ ರಸ್ತೆ ಕಟ್ಟುವುದು ಗಾಡಿಗಳ ಲೆಕ್ಕದಲ್ಲಿ. 104 ಅನ್ನುವುದು ಸರಕಿನ ತೂಕ. ಗಾಡಿ ಎಣಿಸುವ ಪರೀಕ್ಷೆಗೆ ಅಪೊ-ಬಿ ಎಂದು ಹೆಸರು. ಮಾಡಿಸಿದರೆ ಒಳ್ಳೆಯದು, ಆಗದಿದ್ದರೆ ನಾನ್-ಎಚ್‌ಡಿಎಲ್ ಸಾಕು.

ಗೊರೂರು ಹಿನ್ನೀರು:

ಸರ್, ಎಲ್ಲಾ ಸರಿ. ಆದ್ರೆ ಶುಗರ್ರೇ ಮೂಲ ಅಂದ್ಮೇಲೆ ಶುಗರ್ ಇಳಿಸಿದ್ರೆ ಸಾಲದಾ? ಬೇರು ಬಿಟ್ಟು ಕೊಂಬೆಗ್ಯಾಕೆ ಔಷಧಿ?

ಕೆಂಪುಹೊಳೆ:

ಒಳ್ಳೆ ಪ್ರಶ್ನೆ. ನಾವು ಓದುವಾಗ ನಮಗೂ ಹಾಗೇ ಅನ್ನಿಸುತ್ತಿತ್ತು. 1977ರಲ್ಲಿ ಬ್ರಿಟನ್ನಿನಲ್ಲಿ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನ ಶುರುವಾಯಿತು, ಹೊಸದಾಗಿ ಟೈಪ್ 2 ಡಯಾಬಿಟಿಸ್ ಗೊತ್ತಾದವರ ಮೇಲೆ. ಅವರಲ್ಲಿ ಹೃದಯದ ಕಾಯಿಲೆ ಯಾವುದರಿಂದ ಬರುತ್ತದೆ ಎಂದು 1998ರಲ್ಲಿ ಲೆಕ್ಕ ಹಾಕಿದಾಗ ಮೊದಲ ಸ್ಥಾನಕ್ಕೆ ಬಂದದ್ದು ಎಲ್‌ಡಿಎಲ್, ಎರಡನೆಯದು ಎಚ್‌ಡಿಎಲ್ ಕಡಿಮೆ ಇರುವುದು. ಎಚ್‌ಬಿಎ1ಸಿ ಅವೆರಡರ ಹಿಂದೆ, ಆಮೇಲೆ ಬಿಪಿ, ಆಮೇಲೆ ಸಿಗರೇಟು.

ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಅಕಾರ್ಡ್ ಪ್ರಯೋಗದಲ್ಲಿ ಎಚ್‌ಬಿಎ1ಸಿಯನ್ನು 6ರ ಕೆಳಗೆ ತರಲೇಬೇಕೆಂದು ಒತ್ತಿ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಸಾವು ಹೆಚ್ಚಾಗಿ, 2008ರಲ್ಲಿ ಆ ಭಾಗ ನಿಲ್ಲಿಸಬೇಕಾಯಿತು. ಶುಗರ್ ಇಳಿಸಬೇಡಿ ಎಂದು ಇದರ ಅರ್ಥವಲ್ಲ. ಕಣ್ಣು, ಕಿಡ್ನಿ, ಕಾಲಿನ ನರ ಉಳಿಯಬೇಕಾದರೆ ಶುಗರ್ ಇಳಿಯಲೇಬೇಕು. ಹೃದಯದ ಮಟ್ಟಿಗೆ ಅದೊಂದೇ ಸಾಲದು. ಡೆನ್ಮಾರ್ಕಿನ ಸ್ಟೆನೊ-2 ಪ್ರಯೋಗದಲ್ಲಿ 160 ಜನರಲ್ಲಿ ಅರ್ಧ ಜನಕ್ಕೆ ಶುಗರ್, ಬಿಪಿ, ಕೊಲೆಸ್ಟ್ರಾಲ್ ಮೂರನ್ನೂ ಒಟ್ಟಿಗೆ ಬಿಗಿಯಾಗಿ ಹಿಡಿದರು, ಉಳಿದವರಿಗೆ ಮಾಮೂಲಿ ಚಿಕಿತ್ಸೆ. 2003ರಲ್ಲಿ ನೋಡಿದಾಗ ಮೊದಲ ಗುಂಪಿನಲ್ಲಿ ಹೃದಯ, ರಕ್ತನಾಳದ ತೊಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಇನ್ನು ಮೇಡಂ ಕೇಳಿದ ಮುಖ್ಯ ವಿಷಯ, ‘ನಾರ್ಮಲ್ ಇರುವಾಗ ಯಾಕೆ’. ಇದನ್ನೇ ಪರೀಕ್ಷೆಗೆ ಇಟ್ಟಿದ್ದಾರೆ. ಕಾರ್ಡ್ಸ್ ಎಂಬ ಪ್ರಯೋಗ, ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ. 2,838 ಜನ, ಎಲ್ಲರಿಗೂ ಟೈಪ್ 2 ಶುಗರ್, ಯಾರಿಗೂ ಹೃದಯದ ಕಾಯಿಲೆ ಇಲ್ಲ, ಎಲ್‌ಡಿಎಲ್ ವಿಪರೀತವೇನೂ ಇಲ್ಲ. ಅರ್ಧ ಜನಕ್ಕೆ ಅಟೊರ್ವಾಸ್ಟಾಟಿನ್ 10, ಉಳಿದವರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ. ಮಾತ್ರೆ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ತೊಂದರೆಗಳು 37% ಕಡಿಮೆ. ಲಾಭ ಎಷ್ಟು ಬೇಗ ಕಾಣಿಸಿತೆಂದರೆ ಗೊತ್ತುಮಾಡಿದ್ದಕ್ಕಿಂತ ಸುಮಾರು ಎರಡು ವರ್ಷ ಮೊದಲೇ ಪ್ರಯೋಗ ಮುಗಿಸಿದರು. 2004ರ ಮಾತು ಇದು. 40 ದಾಟಿದ ಶುಗರ್ ರೋಗಿಗೆ ಎಲ್‌ಡಿಎಲ್ ಎಷ್ಟೇ ಇರಲಿ ಸ್ಟಾಟಿನ್ (ಅಟೊರ್ವಾಸ್ಟಾಟಿನ್ ಸೇರಿದ ಮಾತ್ರೆಗಳ ಗುಂಪು) ಕೊಡುವ ರೂಢಿಯ ಹಿಂದೆ ಇಂಥ ಪ್ರಯೋಗಗಳಿವೆ. ಕ್ಯೂನಲ್ಲಿ ಜನ ನಿಂತಿರುವಾಗ ನಿಮ್ಮ ಡಾಕ್ಟರು ಇಷ್ಟನ್ನೂ ಹೇಳುವುದು ಕಷ್ಟ, ಆದರೂ ಎರಡು ಮಾತು ಹೇಳಬಹುದಿತ್ತು ಎಂದು ನನಗೂ ಅನ್ನಿಸುತ್ತದೆ.

ಹಳೇಬೀಡು ಎಕ್ಸ್‌ಪ್ರೆಸ್:

2025ರ ಜೂನ್-ಜುಲೈನಲ್ಲಿ ನಮ್ಮ ಜಿಲ್ಲೆಯಲ್ಲಿ ಏನಾಯ್ತು ಅಂತ ಎಲ್ರಿಗೂ ಗೊತ್ತು. ದಿನಾ ಬೆಳಗ್ಗೆ ಪೇಪರ್ ತೆಗೆದ್ರೆ ಹೃದಯಾಘಾತ. ಇಪ್ಪತ್ತು ಮೂವತ್ತರ ಹುಡುಗರು ಹೋದ್ರು. ಜನ ನಸುಕಿಗೇ ಎದ್ದು ಮೈಸೂರು ಜಯದೇವದ ಮುಂದೆ ಕ್ಯೂ ನಿಂತ್ರು. ಅವರಿಗೆಲ್ಲ ಕೊಲೆಸ್ಟ್ರಾಲ್ ಇತ್ತಾ? ಕೋವಿಡ್ ಲಸಿಕೆ ವಿಷಯ ಯಾಕೆ ಯಾರೂ ಮಾತಾಡಲ್ಲ?

ಕೆಂಪುಹೊಳೆ:

ಮಾತಾಡಿದ್ದಾರೆ. ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ಸಮಿತಿ ಮಾಡಿತು. ಸಮಿತಿ ಒಂದೊಂದೇ ಸಾವಿನ ದಾಖಲೆ ತರಿಸಿ ನೋಡಿ ವರದಿ ಕೊಟ್ಟಿತು. ಹಾಸನದಲ್ಲಿ ಹೃದಯದ ಸಾವು ದಿಢೀರನೆ ಏರಿಲ್ಲ, ಕೋವಿಡ್ ಲಸಿಕೆಗೂ ಇದಕ್ಕೂ ನಂಟು ಕಾಣುವುದಿಲ್ಲ ಎಂದಿತು. ಕಂಡದ್ದು ಹಳೆಯ ಕಾರಣಗಳೇ: ಶುಗರ್, ಬಿಪಿ, ತಂಬಾಕು, ಕುಡಿತ, ಬೊಜ್ಜು. ಸತ್ತವರ ಮನೆಯ ದುಃಖ ದೊಡ್ಡದು, ಅದರ ಮೇಲೆ ವಾದ ಮಾಡಲು ಮನಸ್ಸಿಲ್ಲ. ಆದರೆ ಆ ತಿಂಗಳು ಗಾಬರಿಯಲ್ಲಿ ಇಸಿಜಿ ಮಾಡಿಸಿ ‘ನಾರ್ಮಲ್’ ಎಂದು ನಿಟ್ಟುಸಿರು ಬಿಟ್ಟವರಲ್ಲಿ ಎಷ್ಟು ಜನ ಕೊಲೆಸ್ಟ್ರಾಲ್ ನೋಡಿಸಿದರು? ಇಸಿಜಿ ಹೇಳುವುದು ಆ ಗಳಿಗೆಯ ಸಂಗತಿ. ಅರ್ಧ ಮುಚ್ಚಿದ ರಕ್ತನಾಳ ಇಟ್ಟುಕೊಂಡೂ ಸುಮ್ಮನೆ ಮಲಗಿರುವಾಗ ಇಸಿಜಿ ಚೆನ್ನಾಗಿ ಬರಬಹುದು.

ಮೆಡಿಕಲ್ ಶಾಪ್ (ಬೇಲೂರು):

ಕೌಂಟರಲ್ಲಿ ದಿನಾ ಕೇಳೋ ಮಾತುಗಳಿಗೆ ನಾನೂ ಒಂದಿಷ್ಟು ಸೇರಿಸ್ತೀನಿ.

ಶುಗರ್ ಏರುತ್ತೆ ಅನ್ನೋದು ಪೂರ್ತಿ ಸುಳ್ಳಲ್ಲ. 2010ರಲ್ಲಿ ಬಂದ ಒಂದು ದೊಡ್ಡ ಲೆಕ್ಕಾಚಾರದಲ್ಲಿ 255 ಜನ ನಾಲ್ಕು ವರ್ಷ ಸ್ಟಾಟಿನ್ ತಗೊಂಡ್ರೆ ಒಬ್ಬರಿಗೆ ಹೆಚ್ಚುವರಿಯಾಗಿ ಶುಗರ್ ಬರುತ್ತೆ ಅಂತ ಸಿಕ್ತು. ಡೋಸ್ ದೊಡ್ಡದಾದಷ್ಟೂ ಸ್ವಲ್ಪ ಹೆಚ್ಚು. ಆಗಲೇ ಶುಗರ್ ಇರೋರಿಗೆ 7.9 ಇದ್ದದ್ದು 8 ಆಗಬಹುದು. ಅಷ್ಟಕ್ಕೆ ಹೆದರಿ ಮಾತ್ರೆ ಬಿಟ್ಟು ಹೃದಯಾಘಾತಕ್ಕೆ ದಾರಿ ಬಿಟ್ಕೊಡೋದು ನನಗಂತೂ ಲಾಭದ ವ್ಯಾಪಾರ ಅನ್ಸಲ್ಲ.

ಮೈಕೈ ನೋವು ಅಂತ ಬರೋರು ಇನ್ನೊಂದಷ್ಟು. ನೋವು ಕೆಲವರಿಗೆ ನಿಜಕ್ಕೂ ಬರುತ್ತೆ. ಆದ್ರೆ 2020ರ ಸ್ಯಾಮ್ಸನ್ ಪ್ರಯೋಗ ನೋಡಿ, ತೊಂದರೆ ಆಗುತ್ತೆ ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನಕ್ಕೆ ಒಂದು ತಿಂಗಳು ನಿಜವಾದ ಮಾತ್ರೆ, ಒಂದು ತಿಂಗಳು ಹುಸಿ ಮಾತ್ರೆ, ಒಂದು ತಿಂಗಳು ಏನೂ ಇಲ್ಲ, ಹೀಗೆ ವರ್ಷವಿಡೀ ಕಲಸಿ ಕೊಟ್ರು. ಸ್ಟಾಟಿನ್ ತಿಂಗಳಲ್ಲಿ ಆದ ತೊಂದರೆಯಲ್ಲಿ 90% ಹುಸಿ ಮಾತ್ರೆ ತಿಂಗಳಲ್ಲೂ ಆಗಿತ್ತು! ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ರೆ, ಎದ್ದು ನಿಲ್ಲೋಕೂ ತೊಡೆಯಲ್ಲಿ ಶಕ್ತಿ ಇಲ್ಲ ಅನ್ಸಿದ್ರೆ ಮಾತ್ರ ಕಾಯದೆ ಡಾಕ್ಟ್ರ ಹತ್ರ ಓಡಿ. ಬೇರೆ ಕಾಯಿಲೆಗೆ ಕ್ಲಾರಿಥ್ರೊಮೈಸಿನ್ ಅನ್ನೋ ಆಂಟಿಬಯೋಟಿಕ್ ಬರೆದ್ರೆ ಸ್ಟಾಟಿನ್ ನಡೀತಿದೆ ಅಂತ ಬಾಯ್ಬಿಟ್ಟು ಹೇಳಿ.

ಅಟೊರ್ವಾ ಬೆಳಗ್ಗೆನಾ ರಾತ್ರಿನಾ ಅಂತ ಜಗಳ ಬೇಡ, ಯಾವಾಗಾದ್ರೂ ಸರಿ, ದಿನಾ ಒಂದೇ ಹೊತ್ತಿಗೆ ಆದ್ರೆ ಮರೆಯಲ್ಲ. ದುಡ್ಡಿನ ಚಿಂತೆ ಇದ್ರೆ ಜನೌಷಧಿ ಕೇಂದ್ರದಲ್ಲಿ ಇದೇ ಮಾತ್ರೆ ಬಹಳ ಕಡಿಮೆಗೆ ಸಿಗುತ್ತೆ. ನನ್ನ ವ್ಯಾಪಾರಕ್ಕೆ ಕಲ್ಲು, ಇರ್ಲಿ ಬಿಡಿ.

ಕಣಕಟ್ಟೆ ತೆಂಗು (ಅರಸೀಕೆರೆ):

ಎಲ್ಲಾ ಮಾತ್ರೆ ಮಾತೇ ಆಯ್ತು, ಊಟದ ಮಾತು ಎಲ್ಲಿ? ಇನ್ನೊಂದು, ಕೊಬ್ಬರಿ ಎಣ್ಣೆಗೆ ಕೆಟ್ಟ ಹೆಸರು ತಂದಿದ್ದು ಸೋಯಾ ಕಂಪನಿಗಳು. ತೆಂಗಿನಕಾಯಲ್ಲಿ ಒಂದು ಚೂರೂ ಕೊಲೆಸ್ಟ್ರಾಲ್ ಇಲ್ಲ, ಯಾರಾದ್ರೂ ಟೆಸ್ಟ್ ಮಾಡಿ ನೋಡಲಿ.

ಪೈಪೆಟ್:

ಅಣ್ಣಾ, ಇಲ್ಲ ಅನ್ನೋದು ನಿಜ. ಯಾವ ಗಿಡದ ಎಣ್ಣೆಯಲ್ಲೂ ಇರಲ್ಲ. ಅದಕ್ಕೇ ಎಣ್ಣೆ ಪ್ಯಾಕೆಟ್ ಮೇಲೆ ‘ಕೊಲೆಸ್ಟ್ರಾಲ್ ಫ್ರೀ’ ಅಂತ ಬರೆಯೋದೇ ತಮಾಷೆ. ನಮ್ಮ ರಕ್ತದ ಕೊಲೆಸ್ಟ್ರಾಲ್ ಬಹುಪಾಲು ನಮ್ಮ ಮೈಯೇ ತಯಾರಿಸೋದು.

ಕೆಂಪುಹೊಳೆ:

ಕಣಕಟ್ಟೆ ಗೌಡರೇ, ನಮ್ಮ ಮನೆಯಲ್ಲೂ ತೆಂಗಿನ ಮರ ಇದೆ, ಹಾಗಾಗಿ ಸಿಟ್ಟಾಗಬೇಡಿ. ಲಿವರ್ ಮೇಲೆ ಎಲ್‌ಡಿಎಲ್ ಹಿಡಿದು ಒಳಗೆಳೆಯುವ ಗ್ರಾಹಕಗಳು ಇರುತ್ತವೆ. ಅವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚು ತಿಂದರೆ ಈ ಗ್ರಾಹಕಗಳು ಕಡಿಮೆಯಾಗಿ ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಸ್ಟಾಟಿನ್ ಅವನ್ನು ಹೆಚ್ಚಿಸುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು 90% ಸ್ಯಾಚುರೇಟೆಡ್, ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು, ಕಡಲೆಕಾಯಿ ಎಣ್ಣೆಯಲ್ಲಿ ಐದನೇ ಒಂದು ಪಾಲಿಗಿಂತ ಕಡಿಮೆ. ಬಸ್ಸಾರಿಗೆ ಒಂದು ಹಿಡಿ ಕಾಯಿತುರಿ ಹಾಕಬೇಡಿ ಎಂದು ನಾನು ಯಾರಿಗೂ ಹೇಳಿದವನಲ್ಲ. ದಿನವೂ ಕೊಬ್ಬರಿ ಎಣ್ಣೆಯಲ್ಲೇ ಕರಿಯುವುದು, ಬೆಳಗ್ಗೆ ಎದ್ದು ಎರಡು ಚಮಚ ಕುಡಿಯುವುದು, ಇದು ಬೇಡ.

ನನಗೆ ಹೆಚ್ಚು ಚಿಂತೆ ಬೇಕರಿಯದ್ದು. ಊರೂರಲ್ಲಿರುವ ಅಯ್ಯಂಗಾರ್ ಬೇಕರಿಗಳ ಮೂಲ ನಮ್ಮ ಹಾಸನ ಜಿಲ್ಲೆ, ಅದು ನಮ್ಮ ಹೆಮ್ಮೆಯೇ. ಎಣ್ಣೆ-ಕೊಬ್ಬಿನಲ್ಲಿ ಟ್ರಾನ್ಸ್ ಫ್ಯಾಟ್ 2% ಮೀರಬಾರದು ಎಂದು 2022ರ ಜನವರಿಯಿಂದ ನಿಯಮವೂ ಬಂದಿದೆ. ಆದರೂ ಸಂಜೆ ಟೀ ಜೊತೆ ಪಫ್ಸು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು ಅಂದರೆ ಮೈದಾ, ಸಕ್ಕರೆ, ಗಟ್ಟಿ ಕೊಬ್ಬು ಮೂರೂ ಒಟ್ಟಿಗೆ. ಟ್ರೈಗ್ಲಿಸರೈಡ್ 240 ಇರುವವರಿಗೆ ಮೊದಲು ಬಿಡಿಸಬೇಕಾದ್ದು ಇದನ್ನು. ಆಮೇಲೆ ತಟ್ಟೆಯಲ್ಲಿ ಅನ್ನದ ಗುಡ್ಡೆ ಚಿಕ್ಕದು ಮಾಡಿ, ಅವರೆಕಾಳು, ಹೆಸರುಕಾಳು, ಸೊಪ್ಪು ದೊಡ್ಡದು ಮಾಡಿ.

ಎಸ್ಟೇಟ್ ರೈಟರ್ (ಮೂಡಿಗೆರೆ):

ಕಾಫಿ ವಿಷಯ ಯಾರೂ ಎತ್ತಲಿಲ್ಲವಲ್ಲ, ಇಡೀ ಚರ್ಚೆ ನಡೀತಿರೋದು ಕಾಫಿ ಸೀಮೇಲಿ. ಕಾಫಿಯಲ್ಲಿ ಕೆಫೆಸ್ಟಾಲ್ ಅಂತ ಒಂದು ಎಣ್ಣೆ ಪದಾರ್ಥ ಇದೆ, ಅದು ಎಲ್‌ಡಿಎಲ್ ಏರಿಸುತ್ತೆ. ನಾರ್ವೆಯವರು ಪುಡಿ ಹಾಕಿ ಕುದಿಸಿ ಕುಡಿಯೋ ಜನ. ಅಲ್ಲಿನ ಟ್ರೊಮ್ಸೊ ಊರಿನ ಅಧ್ಯಯನದಲ್ಲಿ 1983ರಲ್ಲೇ ಜಾಸ್ತಿ ಕಾಫಿ ಕುಡಿಯೋರ ಕೊಲೆಸ್ಟ್ರಾಲ್ ಜಾಸ್ತಿ ಅಂತ ಸಿಕ್ಕಿತ್ತು. ಕಾಗದದ ಫಿಲ್ಟರ್ ಅದನ್ನ ಹೆಚ್ಚುಕಡಿಮೆ ಪೂರ್ತಿ ಹಿಡಿದುಬಿಡುತ್ತೆ. ನಮ್ಮ ಹಿತ್ತಾಳೆ, ಸ್ಟೀಲ್ ಫಿಲ್ಟರ್ ಅಷ್ಟು ಹಿಡಿಯಲ್ಲ. ಲೈನ್ ಮನೆಗಳಲ್ಲಿ ಪುಡಿ ಕುದಿಸಿ ಬಟ್ಟೇಲಿ ಸೋಸಿ ಬೆಲ್ಲ ಹಾಕಿ ದಿನಕ್ಕೆ ಏಳೆಂಟು ಲೋಟ ಇಳಿಸ್ತಾರಲ್ಲ, ಅದನ್ನ ಸ್ವಲ್ಪ ಯೋಚನೆ ಮಾಡ್ಬೇಕು. ರೊಬಸ್ಟಾದಲ್ಲಿ ಅರೇಬಿಕಾಗಿಂತ ಕೆಫೆಸ್ಟಾಲ್ ಕಡಿಮೆ. ರೊಬಸ್ಟಾ ಬೆಳೆಯೋನು ಇದೊಂದಾದ್ರೂ ಹೇಳ್ಕೊಳ್ಳಲಿ!

ಕೆಂಪುಹೊಳೆ:

ರೈಟರ್ ಹೇಳಿದ್ದು ಸರಿ. ಆದರೆ ದಿನಕ್ಕೆ ಎರಡು ಲೋಟ ಫಿಲ್ಟರ್ ಕಾಫಿ ಕುಡಿಯುವ ಮನುಷ್ಯನಿಗೆ ಚಿಂತೆ ಅದರಲ್ಲಿನ ಸಕ್ಕರೆಯದ್ದು, ಕೆಫೆಸ್ಟಾಲಿನದ್ದಲ್ಲ. ಮಾವನವರ ಕಾಫಿ ಕಿತ್ತುಕೊಳ್ಳಬೇಡಿ.

ಸಾಲಗಾಮೆ ರೋಡ್:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟನ್ನೂ ನಿನ್ನೆ ರಾತ್ರಿ ಮಾವನವರಿಗೆ ಓದಿ ಹೇಳಿದೆ. ‘ಎದೆನೋವೇ ಇಲ್ವಲ್ಲ’ ಅಂದ್ರು. ಅದಕ್ಕೇನು ಹೇಳ್ಲಿ?

ಕೆಂಪುಹೊಳೆ:

ಶುಗರ್ ಹಳೆಯದಾದರೆ ನರಗಳು ಮಂದವಾಗುತ್ತವೆ. ಹೃದಯಕ್ಕೆ ರಕ್ತ ಸಾಲದಾದರೂ ನೋವಿನ ಸುದ್ದಿ ಮೇಲಕ್ಕೆ ತಲುಪುವುದಿಲ್ಲ. ಇಂಥವರಲ್ಲಿ ಹೃದಯಾಘಾತ ಬೇರೆ ವೇಷದಲ್ಲಿ ಬರಬಹುದು: ಇದ್ದಕ್ಕಿದ್ದಂತೆ ಏದುಸಿರು, ತಣ್ಣನೆ ಬೆವರು, ವಾಂತಿ, ದವಡೆ ಅಥವಾ ಎಡಗೈ ಸೆಳೆತ, ಕಾರಣವಿಲ್ಲದ ಸುಸ್ತು. ‘ಗ್ಯಾಸು’ ಎಂದು ಸೋಡಾ ಕುಡಿದು ಮಲಗಿದವರನ್ನು ನಾನು ಬೆಳಗ್ಗೆ ನೋಡಿದ್ದೇನೆ. ಇಂಥದ್ದು ಕಂಡರೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಮೊದಲು ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲೇ ಇಸಿಜಿ ತೆಗೆದು, ಬೇಕಿದ್ದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹಾಸನ, ಮಂಗಳೂರು ಎಂದು ದಾರಿಯಲ್ಲಿ ಹೊತ್ತು ಕಳೆಯಬೇಡಿ.

ಹಾಗೇ ಒಂದು ಸಲ ಥೈರಾಯ್ಡ್ ನೋಡಿಸಿ. ಥೈರಾಯ್ಡ್ ಕುಂದಿದರೂ ಕೊಲೆಸ್ಟ್ರಾಲ್ ಏರುತ್ತದೆ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇದೆಯೇ ಎಂದೂ ನೋಡಿಸಿ, ಇದ್ದರೆ ಹೃದಯದ ಅಪಾಯ ಇನ್ನೊಂದು ಮೆಟ್ಟಿಲು ಮೇಲೆ.

ಸಾಲಗಾಮೆ ರೋಡ್ (ಕೆಲವು ತಿಂಗಳ ನಂತರ):

ಮಾತ್ರೆ ನಡೀತಿದೆ. ಈಗಿನ ರಿಪೋರ್ಟ್: ಟೋಟಲ್ 132, ಟ್ರೈಗ್ಲಿಸರೈಡ್ 165, ಎಚ್‌ಡಿಎಲ್ 36, ಎಲ್‌ಡಿಎಲ್ 63. ನಾನ್-ಎಚ್‌ಡಿಎಲ್ ನಾನೇ ಕಳೆದೆ, 96. ಥೈರಾಯ್ಡ್ ಸರಿಯಿದೆ. ಈಗ ಅತ್ತೆ ಕೇಳೋದು, ‘ಇಳೀತಲ್ಲ, ಇನ್ನು ನಿಲ್ಲಿಸಬಹುದಾ?’

ಮೆಡಿಕಲ್ ಶಾಪ್:

ಬೇಡಮ್ಮ. ಇಳಿದಿರೋದೇ ಮಾತ್ರೆಯಿಂದ. ನಿಲ್ಲಿಸಿದ್ರೆ ಕೆಲವೇ ವಾರದಲ್ಲಿ ಮತ್ತೆ ಅಲ್ಲಿಗೇ ಬರುತ್ತೆ.

ಕೊಟ್ಟಿಗೆಹಾರ ಮಂಜು:

ಚರ್ಚೆ ಪೂರ್ತಿ ಓದಿದೆ. ನಮ್ಮ ತಮ್ಮಂದು ಒಂದಿದೆ. 38 ವರ್ಷ, ಶುಗರ್ ಈಚೆಗೆ ಗೊತ್ತಾಗಿದ್ದು. ಟ್ರೈಗ್ಲಿಸರೈಡ್ 610. ಎಲ್‌ಡಿಎಲ್ ಜಾಗ ಖಾಲಿ ಬಿಟ್ಟಿದಾರೆ. ಲ್ಯಾಬಿನವರು ಮರೆತ್ರಾ?

ಪೈಪೆಟ್:

ಮರೆತಿಲ್ಲ, ಮರ್ಯಾದೆಯಿಂದ ಖಾಲಿ ಬಿಟ್ಟಿದಾರೆ. ಮೇಲೆ ಹೇಳಿದ್ದೆನಲ್ಲ, 400 ದಾಟಿದ್ರೆ ಲೆಕ್ಕ ನಿಲ್ಲಲ್ಲ. ‘ಡೈರೆಕ್ಟ್ ಎಲ್‌ಡಿಎಲ್’ ಅಂತ ಕೇಳಿ ಮಾಡಿಸಿ.

ಕೆಂಪುಹೊಳೆ:

500 ದಾಟಿದ ಮೇಲೆ ಮೊದಲ ಭಯ ಮೇದೋಜೀರಕ ಗ್ರಂಥಿಯದ್ದು, ಹೃದಯ ಎರಡನೆಯದು. ಮೇಲ್ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹೊಡೆಯುವ ನೋವು, ಜೊತೆಗೆ ವಾಂತಿ ಬಂದರೆ ಕೂಡಲೇ ಆಸ್ಪತ್ರೆಗೆ. ಶುಗರ್ ಎಷ್ಟಿದೆ? ಕುಡಿತ ಇದೆಯೇ? ಟೆಸ್ಟ್ ಯಾವಾಗ ಮಾಡಿಸಿದ್ದು?

ಕೊಟ್ಟಿಗೆಹಾರ ಮಂಜು:

ಎಚ್‌ಬಿಎ1ಸಿ 9.6. ಎಣ್ಣೆ ಇದೆ ಸರ್. ಟೆಸ್ಟ್ ಊರ ಹಬ್ಬ ಆಗಿ ಮಾರನೇ ದಿನ.

ಕೆಂಪುಹೊಳೆ:

ಹಾಗಾದರೆ ಈ ವಾರವೇ ಡಾಕ್ಟರಿಗೆ ತೋರಿಸಿ, ಶುಗರ್ ಇಳಿಯಲು ಶುರುವಾಗಲಿ, ಅದು ಇಳಿದರೆ ಟ್ರೈಗ್ಲಿಸರೈಡ್ ತಾನೂ ಇಳಿಯುತ್ತದೆ. ಕುಡಿತ ಪೂರ್ತಿ ಬಂದ್. ಎರಡು ವಾರ ಬಿಟ್ಟು ರಾತ್ರಿ ಊಟದಿಂದ ಹನ್ನೆರಡು ಗಂಟೆ ಉಪವಾಸ ಇದ್ದು ಮತ್ತೆ ಮಾಡಿಸಿ, ರಿಪೋರ್ಟ್ ಇಲ್ಲೇ ಹಾಕಿ.